ಯಾವುದು ಜಾಸ್ತಿ, ಎಷ್ಟು ಜಾಸ್ತಿ?

ಹನ್ನೆರಡು ಹುಣಸೆಬೀಜ ತೆಗೆದುಕೊಳ್ಳಿ. ನಾಲ್ಕು ವರ್ಷದ ಮಗುವಿನ ಎದುರು ನೆಲದ ಮೇಲೆ ಎರಡು ಸಾಲು ಮಾಡಿ. ಸಾಲಿಗೆ ಆರಾರು, ಒಂದರ ಎದುರಿಗೆ ಒಂದು ಬರುವ ಹಾಗೆ. ‘ಎರಡೂ ಕಡೆ ಸಮ ಇದೆಯಾ?’ ಎಂದು ಕೇಳಿದರೆ ಮಗು ಹೌದು ಎನ್ನುತ್ತದೆ. ಈಗ ಅದು ನೋಡುತ್ತಿರುವಾಗಲೇ ಕೆಳಗಿನ ಸಾಲಿನ ಬೀಜಗಳನ್ನು ದೂರದೂರ ಸರಿಸಿ. ಹೊಸದಾಗಿ ಒಂದೂ ಸೇರಿಸಬೇಡಿ, ಇದ್ದದ್ದರಲ್ಲಿ ಒಂದೂ ತೆಗೆಯಬೇಡಿ. ‘ಈಗ ಯಾವುದರಲ್ಲಿ ಜಾಸ್ತಿ ಇದೆ?’ ಬಹಳಷ್ಟು ಮಕ್ಕಳ ಬೆರಳು ಉದ್ದ ಸಾಲಿನ ಕಡೆ ಹೋಗುತ್ತದೆ. ಎಣಿಸು ಅಂದರೆ ಎಣಿಸುತ್ತವೆ, ಇಲ್ಲೂ ಆರು ಅಲ್ಲೂ ಆರು ಎಂದು ಹೇಳುತ್ತವೆ, ಅಷ್ಟಾದ ಮೇಲೂ ಕೆಲವು ಮಕ್ಕಳು ಉದ್ದ ಸಾಲೇ ಜಾಸ್ತಿ ಎಂದು ಸಾಧಿಸುತ್ತವೆ.

ಈ ಪರೀಕ್ಷೆಯನ್ನು ಜಗತ್ತಿಗೆ ಪರಿಚಯಿಸಿದವರು ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ. ಆಲೀನಾ ಶೆಮಿನ್‌ಸ್ಕಾ ಅವರ ಜೊತೆ ಸೇರಿ ಮಕ್ಕಳಲ್ಲಿ ಸಂಖ್ಯೆಯ ಕಲ್ಪನೆ ಹೇಗೆ ಬೆಳೆಯುತ್ತದೆ ಎಂಬುದರ ಬಗ್ಗೆ 1941ರಲ್ಲಿ ಫ್ರೆಂಚ್‌ನಲ್ಲಿ ಬರೆದರು. ವಸ್ತುಗಳ ಜಾಗ ಬದಲಾದರೂ ಲೆಕ್ಕ ಬದಲಾಗುವುದಿಲ್ಲ ಎಂಬ ತಿಳಿವಳಿಕೆ ಆರೇಳು ವರ್ಷದ ಸುಮಾರಿಗೆ ಬರುತ್ತದೆ, ಅದು ಬರುವವರೆಗೆ ಬಾಯಲ್ಲಿ ಎಣಿಸುವುದಕ್ಕೆ ಹೆಚ್ಚಿನ ಬೆಲೆ ಇಲ್ಲ ಎಂಬುದು ಅವರ ನಿಲುವು. ಡಿ.ಎಡ್. ಓದಿದ ಯಾವ ಶಿಕ್ಷಕರನ್ನು ಕೇಳಿದರೂ ಪಿಯಾಜೆ ಹೆಸರು ಹೇಳುತ್ತಾರೆ. ತೊಂದರೆ ಏನೆಂದರೆ ನಮ್ಮ ತರಬೇತಿಯ ನೋಟ್ಸುಗಳು ಅನೇಕ ಸಲ ಅಲ್ಲಿಗೇ ನಿಂತುಬಿಡುತ್ತವೆ. ‘ಈ ವಯಸ್ಸಿನ ಮಗುವಿಗೆ ಹೋಲಿಕೆ ಬರುವುದಿಲ್ಲ, ಕಾಯಬೇಕು’ ಎಂಬ ಅರ್ಥ ಉಳಿದುಕೊಳ್ಳುತ್ತದೆ. ಆಮೇಲೆ ನಡೆದ ಸಂಶೋಧನೆ ಹೇಳುವುದು ಬೇರೆ.

1967ರಲ್ಲಿ ಜಾಕ್ ಮೆಹ್ಲರ್ ಮತ್ತು ಥಾಮಸ್ ಬೆವರ್ ಸಾಲುಗಳನ್ನು ಬೇರೆ ರೀತಿ ಜೋಡಿಸಿದರು. ಒಂದರಲ್ಲಿ ನಾಲ್ಕು, ದೂರದೂರ. ಇನ್ನೊಂದರಲ್ಲಿ ಆರು, ಒತ್ತೊತ್ತಾಗಿ. ಜೇಡಿಮಣ್ಣಿನ ಸಣ್ಣ ಉಂಡೆಗಳಿಗೆ ಬದಲು ಚಾಕೊಲೇಟ್ ಗುಂಡು ಇಟ್ಟು, ಯಾವುದು ಜಾಸ್ತಿ ಎಂದು ಕೇಳದೆ, ನಿನಗೆ ಬೇಕಾದ ಸಾಲು ತಗೊಂಡು ತಿನ್ನು ಎಂದರು. ಮೂರು ವರ್ಷದ ಆಸುಪಾಸಿನ ಮಕ್ಕಳಲ್ಲಿ ಹೆಚ್ಚಿನವರು ಆರರ ಸಾಲಿಗೇ ಕೈ ಹಾಕಿದರು. ತಿನ್ನುವ ವಿಷಯಕ್ಕೆ ಬಂದರೆ ಉದ್ದ ನೋಡಿ ಮೋಸ ಹೋಗಲು ಮಕ್ಕಳು ತಯಾರಿಲ್ಲ.

1974ರಲ್ಲಿ ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಮಾಡಿದ್ದು ಇನ್ನೂ ಸೊಗಸು. ಸಾಲನ್ನು ದೊಡ್ಡವರು ಸರಿಸುವ ಬದಲು ಪೆಟ್ಟಿಗೆಯಿಂದ ಒಂದು ತುಂಟ ಕರಡಿಬೊಂಬೆ ಹೊರಗೆ ಬಂದು ಎಲ್ಲ ಕೆದಕಿ ಹಾಕಿತು. ಆಗ ನಾಲ್ಕರಿಂದ ಆರು ವರ್ಷದ ಮಕ್ಕಳಲ್ಲಿ ಬಹಳ ಜನ ಇನ್ನೂ ಸಮವೇ ಇದೆ ಎಂದರು. ದೊಡ್ಡವರು ಕೈಯಾರೆ ಬೀಜ ಸರಿಸಿ, ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ ಏನೋ ಬದಲಾಗಿರಬೇಕು ಎಂದು ಮಗು ಊಹಿಸುತ್ತದೆ. ನಮ್ಮ ಶಾಲೆಗಳಲ್ಲಂತೂ ಮೇಷ್ಟ್ರು ಒಂದೇ ಪ್ರಶ್ನೆ ಎರಡು ಸಲ ಕೇಳಿದರೆ ಮೊದಲ ಉತ್ತರ ತಪ್ಪು ಎಂದೇ ಲೆಕ್ಕ. ಮನೆಯಲ್ಲಿ ಈ ಆಟ ಆಡುವುದಾದರೆ ಸಾಲು ಕೆಡಿಸುವ ಕೆಲಸವನ್ನು ಗೊಂಬೆಗೋ ಬೆಕ್ಕಿಗೋ ಬಿಡಿ.

ಹಾಗಾದರೆ ಮಗುವಿಗೆ ಮೊದಲೇ ಏನು ಗೊತ್ತಿದೆ? ಕೂಸಿಗೇ ಒಂದು ಅಂದಾಜು ಇದೆ. 2000ನೇ ಇಸವಿಯಲ್ಲಿ ಫೇ ಶೂ ಮತ್ತು ಎಲಿಜಬೆತ್ ಸ್ಪೆಲ್ಕಿ ಆರು ತಿಂಗಳ ಶಿಶುಗಳಿಗೆ ಚುಕ್ಕೆಗಳ ಚಿತ್ರ ತೋರಿಸಿದರು. ಎಂಟು ಚುಕ್ಕೆಯ ಚಿತ್ರ ನೋಡಿ ನೋಡಿ ಬೇಸರಗೊಂಡ ಕೂಸು ಹದಿನಾರು ಚುಕ್ಕೆ ಬಂದಾಗ ಮತ್ತೆ ಕಣ್ಣರಳಿಸಿ ಹೆಚ್ಚು ಹೊತ್ತು ನೋಡಿತು. ಎಂಟರಿಂದ ಹನ್ನೆರಡಕ್ಕೆ ಬದಲಾಯಿಸಿದಾಗ ಆ ವ್ಯತ್ಯಾಸ ಕಾಣಲಿಲ್ಲ. ಒಂಬತ್ತು ತಿಂಗಳ ಹೊತ್ತಿಗೆ ಎಂಟು–ಹನ್ನೆರಡರ ವ್ಯತ್ಯಾಸವೂ ಗೊತ್ತಾಗುತ್ತದೆ ಎಂದು ನಂತರದ ಪ್ರಯೋಗ ತೋರಿಸಿತು. ಇಲ್ಲಿ ಗಮನಿಸಬೇಕಾದ್ದು ಪ್ರಮಾಣ. ಎರಡು ಗುಂಪಿನ ನಡುವೆ ಎಷ್ಟು ಅಂತರ ಎನ್ನುವುದಕ್ಕಿಂತ ಒಂದು ಇನ್ನೊಂದರ ಎಷ್ಟು ಪಟ್ಟು ಎನ್ನುವುದನ್ನು ಕಣ್ಣು ಹಿಡಿಯುತ್ತದೆ. ಎರಡಕ್ಕೂ ನಾಲ್ಕಕ್ಕೂ ಇರುವ ಅಂತರ ಎರಡೇ, ಹದಿನೆಂಟಕ್ಕೂ ಇಪ್ಪತ್ತಕ್ಕೂ ಇರುವ ಅಂತರವೂ ಎರಡೇ. ಆದರೆ ಮೊದಲನೆಯದು ಕಣ್ಣಿಗೆ ಹೊಡೆಯುತ್ತದೆ, ಎರಡನೆಯದು ದೊಡ್ಡವರಿಗೂ ತಿಳಿಯುವುದಿಲ್ಲ. ಮದುವೆ ಮನೆಯಲ್ಲಿ 180 ಜನ ಕೂತಿದ್ದಾರೋ 200 ಜನ ಕೂತಿದ್ದಾರೋ ಎಂದು ಅಡುಗೆ ಭಟ್ಟರು ಕೂಡ ಬಾಗಿಲಲ್ಲಿ ನಿಂತು ಹೇಳಲಾರರು.

ಇದರ ಜೊತೆಗೆ ಇನ್ನೊಂದು ಶಕ್ತಿ ಇದೆ. ಮೂರ್ನಾಲ್ಕರವರೆಗಿನ ವಸ್ತುಗಳನ್ನು ಎಣಿಸದೆ ಒಂದೇ ನೋಟಕ್ಕೆ ತಪ್ಪಿಲ್ಲದೆ ಹೇಳುತ್ತೇವೆ. 2002ರಲ್ಲಿ ಲೀಸಾ ಫೈಗೆನ್‌ಸನ್ ಮತ್ತು ಸಂಗಡಿಗರು ಹತ್ತು–ಹನ್ನೆರಡು ತಿಂಗಳ ಮಕ್ಕಳ ಎದುರು ಎರಡು ಡಬ್ಬಿಯಲ್ಲಿ ಒಂದೊಂದಾಗಿ ಬಿಸ್ಕತ್ತು ಹಾಕಿದರು. ಒಂದು–ಎರಡು, ಎರಡು–ಮೂರು ಇದ್ದಾಗ ಮಕ್ಕಳು ಜಾಸ್ತಿ ಇರುವ ಡಬ್ಬಿಯ ಕಡೆಗೇ ಅಂಬೆಗಾಲಿಟ್ಟವು. ಎರಡು–ನಾಲ್ಕು ಬಂದಾಗ ಗೊಂದಲ, ಯಾವ ಕಡೆಗಾದರೂ ಹೋದವು. ಡಬ್ಬಿಯೊಳಗೆ ಕಾಣದೆ ಹೋದದ್ದನ್ನು ಮೂರರವರೆಗೆ ಮನಸ್ಸಿನಲ್ಲಿ ಇಟ್ಟುಕೊಳ್ಳಬಲ್ಲ ಮಗುವಿಗೆ ನಾಲ್ಕನೆಯದು ಬಂದರೆ ಇಡೀ ಲೆಕ್ಕವೇ ಕೈತಪ್ಪುತ್ತದೆ.

ಇದರಿಂದ ಸೀದಾ ಒಂದು ಕೆಲಸದ ಸಲಹೆ ಹೊರಡುತ್ತದೆ. ಬಜಾರಿನಲ್ಲಿ ಸಿಗುವ ಎಲ್‌ಕೆಜಿ ವರ್ಕ್‌ಬುಕ್ ತೆರೆದರೆ ಮೊದಲ ಪುಟದಲ್ಲೇ ನಾಲ್ಕು ಬಲೂನು, ಐದು ಬಲೂನು, ಹೆಚ್ಚಿರುವುದಕ್ಕೆ ಗುರುತು ಹಾಕು ಎಂದಿರುತ್ತದೆ. ಅದು ಕೊನೆಗೆ ಬರಬೇಕಾದ ಪುಟ. ಎರಡು–ಆರು, ಮೂರು–ಒಂಬತ್ತರಂಥ ದೊಡ್ಡ ಅಂತರದಿಂದ ಶುರು ಮಾಡಿ, ನಾಲ್ಕು–ಆರಕ್ಕೆ ಬಂದು, ಆಮೇಲೆ ಐದು–ಆರಕ್ಕೆ ಹೋಗಬೇಕು. ಕಣ್ಣಿಗೆ ತಿಳಿಯುವಷ್ಟು ದಿನ ಮಗುವಿಗೆ ‘ಜಾಸ್ತಿ’ ಎಂಬ ಮಾತು ಗಟ್ಟಿಯಾಗುತ್ತದೆ. ಕಣ್ಣಿಗೆ ತಿಳಿಯದ ಜಾಗ ಬಂದಾಗ ಬೇರೆ ಉಪಾಯ ಬೇಕು ಎಂಬುದು ಮಗುವಿಗೇ ಅನ್ನಿಸಬೇಕು. ಹಾಗೆ ಅನ್ನಿಸುವುದಕ್ಕೆ ಮುಂಚೆ ಎಣಿಕೆ ಹೇರಿದರೆ ಅದು ಬಾಯಿಪಾಠವಾಗಿ ಉಳಿಯುತ್ತದೆ.

ವಸ್ತುಗಳ ಗಾತ್ರವೂ ಒಂದೇ ಇರಲಿ, ಮೊದಮೊದಲಿಗೆ. ಮೂರು ತೆಂಗಿನಕಾಯಿ, ಐದು ನಿಂಬೆಹಣ್ಣು ಇಟ್ಟು ಯಾವುದು ಜಾಸ್ತಿ ಎಂದರೆ ಮಗು ತೆಂಗಿನಕಾಯಿ ತೋರಿಸಬಹುದು. ನಿಜ ಹೇಳಬೇಕೆಂದರೆ ಅದು ತಪ್ಪೂ ಅಲ್ಲ, ಚೀಲ ಹೊತ್ತು ನೋಡಿದವರಿಗೆ ಗೊತ್ತು. ನಾವು ಕೇಳಿದ ಪ್ರಶ್ನೆಯೇ ಅರ್ಧಂಬರ್ಧ. ‘ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರೆ ಯಾವುದು ಜಾಸ್ತಿ ಜನಕ್ಕೆ ಆಗುತ್ತೆ?’ ಎಂದು ಕೇಳಿ, ಕೂಡಲೇ ಮಗುವಿನ ನೋಟ ಗಾತ್ರ ಬಿಟ್ಟು ಲೆಕ್ಕದ ಕಡೆ ತಿರುಗುತ್ತದೆ.

ಹಂಚುವುದು ಎಂದೆನಲ್ಲ, ನನ್ನ ಪ್ರಕಾರ ಇಡೀ ಪಾಠದ ಬೇರು ಅಲ್ಲಿದೆ. ಅಂಗನವಾಡಿಯಲ್ಲಿ ಊಟದ ಹೊತ್ತಿಗೆ ಟೀಚರ್ ಒಬ್ಬ ಹುಡುಗಿಯ ಕೈಗೆ ತಟ್ಟೆಗಳ ಅಟ್ಟಿ ಕೊಡುತ್ತಾರೆ ಎಂದುಕೊಳ್ಳಿ. ಚಾಪೆಯ ಮೇಲೆ ಸಾಲಾಗಿ ಕೂತ ಮಕ್ಕಳ ಮುಂದೆ ಅವಳು ಒಂದೊಂದೇ ಇಡುತ್ತಾ ಹೋಗುತ್ತಾಳೆ. ಮಧ್ಯೆ ಒಬ್ಬನಿಗೆ ಎರಡು ಸಿಗುತ್ತದೆ, ಪಕ್ಕದವನು ಕೂಗುತ್ತಾನೆ, ಅವಳು ವಾಪಸು ಬಂದು ಒಂದನ್ನು ಕಿತ್ತುಕೊಳ್ಳುತ್ತಾಳೆ. ಸಾಲಿನ ತುದಿ ಮುಟ್ಟುವ ಮೊದಲೇ ಕೈ ಬರಿದಾಗುತ್ತದೆ. ಉಳಿದವರ ತಲೆ ಒಂದು ಸಲ ನೋಡಿ, ‘ಟೀಚರ್, ಇನ್ನೂ ಎರಡು ಬೇಕು’ ಎನ್ನುತ್ತಾಳೆ. ಎಷ್ಟು ಮಕ್ಕಳಿದ್ದರು, ಎಷ್ಟು ತಟ್ಟೆ ಇದ್ದವು ಎಂದು ಅವಳಿಗೆ ಗೊತ್ತಿಲ್ಲ. ಇಪ್ಪತ್ತರವರೆಗೆ ಎಣಿಸಲೂ ಬಾರದಿರಬಹುದು. ಆದರೆ ತಟ್ಟೆಗಿಂತ ಮಕ್ಕಳು ಜಾಸ್ತಿ, ಎರಡು ಜಾಸ್ತಿ ಎಂಬ ಎರಡು ಸಂಗತಿಗಳನ್ನು ಅವಳು ತಪ್ಪಿಲ್ಲದೆ ಕಂಡುಹಿಡಿದಿದ್ದಾಳೆ.

ಒಂದಕ್ಕೊಂದು ಜೋಡಿ ಮಾಡುವುದು, ಜೋಡಿ ಸಿಗದೆ ಉಳಿದದ್ದನ್ನು ನೋಡುವುದು, ಇದು ಎಣಿಕೆಗಿಂತ ಹಳೆಯ ಉಪಾಯ. ಕಣ್ಣಂದಾಜಿನ ಹಾಗೆ ಹದಿನೆಂಟು–ಇಪ್ಪತ್ತರಲ್ಲಿ ಸೋಲುವುದಿಲ್ಲ, ನೂರು–ನೂರಾ ಒಂದು ಇದ್ದರೂ ಉತ್ತರ ಖಚಿತ. ಲೋಟಕ್ಕೊಂದು ಚಮಚ, ಬಾಟಲಿಗೊಂದು ಮುಚ್ಚಳ, ಅಂಗಿಯ ಗುಂಡಿಗೊಂದು ಕಾಜಾ, ಚಪ್ಪಲಿ ಗೂಡಿನಲ್ಲಿ ಮನೆಮಂದಿಗೊಂದು ಜೊತೆ, ಹೀಗೆ ದಿನಕ್ಕೆ ಹತ್ತು ಕಡೆ ಅವಕಾಶ ಸಿಗುತ್ತದೆ. ಬೀಜಗಳ ಸಾಲಿಗೆ ಬಂದಾಗಲೂ ಅಷ್ಟೆ. ಉದ್ದ ಸಾಲನ್ನು ತೋರಿಸುವ ಮಗುವಿಗೆ ತಪ್ಪು ಎನ್ನುವ ಬದಲು, ಮೇಲಿನ ಬೀಜದಿಂದ ಕೆಳಗಿನ ಬೀಜಕ್ಕೆ ಚಾಕ್‌ಪೀಸಿನಿಂದ ಗೆರೆ ಎಳೆಸಿ. ಜೋಡಿಯಿಲ್ಲದೆ ಉಳಿದದ್ದು ಯಾವುದೂ ಇಲ್ಲ ಎಂದು ಅದರ ಕಣ್ಣೇ ಹೇಳುತ್ತದೆ.

ಎಣಿಕೆ ಯಾವಾಗ ಬೇಕು? ಎರಡು ಗುಂಪನ್ನು ಒಂದು ಕಡೆ ತಂದು ಜೋಡಿಸಲು ಆಗದಿದ್ದಾಗ. ಪಡಸಾಲೆಯಲ್ಲಿ ನೆಂಟರು ಕೂತಿದ್ದಾರೆ, ಲೋಟಗಳು ಅಡುಗೆಮನೆಯಲ್ಲಿವೆ. ‘ಕಾಫಿಗೆ ಲೋಟ ಸಾಕಾ?’ ಎಂದು ಮಗುವನ್ನು ಕಳಿಸಿ. ಇಲ್ಲಿ ಎಣಿಸಿ, ಆ ಸಂಖ್ಯೆಯನ್ನು ತಲೆಯಲ್ಲಿ ಹೊತ್ತು ಅಲ್ಲಿಗೆ ಹೋಗಿ, ಮತ್ತೆ ಎಣಿಸಬೇಕು. ಸಂಖ್ಯೆ ಎಂಬುದರ ಉಪಯೋಗ ಏನು ಎಂದು ಮಗುವಿಗೆ ತಿಳಿಯುವುದು ಇಂಥ ಓಡಾಟದಲ್ಲಿ. ಎದುರಿಗೇ ಬಿದ್ದಿರುವ ಎರಡು ಗುಡ್ಡೆಯನ್ನು ಎಣಿಸಿ ಹೋಲಿಸು ಎಂದರೆ ಮಗುವಿಗೆ ಅದು ಟೀಚರ್ ಕೊಟ್ಟ ಶಿಕ್ಷೆಯ ಹಾಗೆ. ಎಣಿಸಲು ಬಂದರೂ ಹೋಲಿಸುವಾಗ ತಾನಾಗಿ ಎಣಿಕೆ ಬಳಸದ ಮಕ್ಕಳು ಬಹಳ.

ಆದರೆ ಎಣಿಕೆ ಬರುತ್ತದೆ ಎನ್ನುವ ಮಾತನ್ನೇ ಸ್ವಲ್ಪ ಪರೀಕ್ಷಿಸಬೇಕು. ಎಣಿಕೆಯ ನಿಯಮಗಳನ್ನು 1978ರಲ್ಲಿ ರೋಚೆಲ್ ಗೆಲ್ಮನ್ ಮತ್ತು ರ‍್ಯಾಂಡಿ ಗ್ಯಾಲಿಸ್ಟೆಲ್ ಬಿಡಿಸಿ ಹೇಳಿದರು. ಒಂದು ವಸ್ತುವಿಗೆ ಒಂದೇ ಹೆಸರು, ಹೆಸರುಗಳ ಕ್ರಮ ಬದಲಾಗಬಾರದು, ಕೊನೆಗೆ ಹೇಳಿದ ಹೆಸರೇ ಇಡೀ ಗುಂಪಿನ ಲೆಕ್ಕ, ಮುಂತಾಗಿ. ತಡವಾಗಿ ಬರುವುದು ಕೊನೆಗೆ ಹೇಳಿದ ಆ ನಿಯಮ. ಮಗು ಬೀಜ ಮುಟ್ಟಿ ಮುಟ್ಟಿ ಐದರವರೆಗೆ ಚೆನ್ನಾಗಿ ಹೇಳಿದ ಮೇಲೆ ‘ಹಾಗಾದರೆ ಒಟ್ಟು ಎಷ್ಟು?’ ಎಂದು ಕೇಳಿ. ಮತ್ತೆ ಒಂದರಿಂದ ಶುರು ಮಾಡಿದರೆ ಅದಕ್ಕೆ ಐದು ಎಂಬುದು ಕೊನೆಯ ಬೀಜದ ಹೆಸರು ಮಾತ್ರ. ಇನ್ನೂ ಒಳ್ಳೆಯ ಪರೀಕ್ಷೆ ಕ್ಯಾರೆನ್ ವಿನ್ 1990ರ ಸುಮಾರಿಗೆ ಬಳಸಿದ್ದು: ‘ನನಗೆ ನಾಲ್ಕು ಕೊಡು’ ಎನ್ನುವುದು. ಹತ್ತರವರೆಗೆ ಹಾಡಿನ ಹಾಗೆ ಹೇಳುವ ಮಗು ಒಂದು ಹಿಡಿ ತೆಗೆದು ಕೈಗೆ ಸುರಿಯುತ್ತದೆ. ಅಂಥ ಮಗುವಿಗೆ ಏಳು ದೊಡ್ಡದೋ ಐದು ದೊಡ್ಡದೋ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಇನ್ನೊಂದಷ್ಟು ದಿನ ಕೊಡು–ತಗೋ ಆಟ ನಡೆಯಬೇಕು.

ಈಗ ‘ಕಮ್ಮಿ’ಗೆ ಬರೋಣ. 1968ರಲ್ಲಿ ಡೊನಾಲ್ಡ್‌ಸನ್ ಮತ್ತು ಜಾರ್ಜ್ ಬಾಲ್ಫರ್ ರಟ್ಟಿನ ಎರಡು ಸೇಬಿನ ಮರ ಮಾಡಿ, ಹಣ್ಣು ತಗುಲಿಸಿ, ಯಾವ ಮರದಲ್ಲಿ ಕಡಿಮೆ ಇದೆ ಎಂದು ಮೂರೂವರೆ–ನಾಲ್ಕು ವರ್ಷದ ಮಕ್ಕಳನ್ನು ಕೇಳಿದರು. ಹೆಚ್ಚಿನವರು ಜಾಸ್ತಿ ಇರುವ ಮರವನ್ನೇ ತೋರಿಸಿದರು. ಕಡಿಮೆ ಎಂಬ ಮಾತು ಲೆಕ್ಕದ ಬಗ್ಗೆ ಎಂದು ಗೊತ್ತು, ಯಾವ ದಿಕ್ಕಿಗೆ ಎಂದು ಗೊತ್ತಿಲ್ಲ. ಮಕ್ಕಳ ಜೊತೆ ನಾವು ಆಡುವ ಮಾತು ಗಮನಿಸಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಇನ್ನೂ ಬೇಕಾ, ಜಾಸ್ತಿ ಹಾಕಲಾ, ಜಾಸ್ತಿ ತಿನ್ನಬೇಡ ಎನ್ನುತ್ತಿರುತ್ತೇವೆ. ಕಮ್ಮಿ ಎನ್ನುವುದು ಟಿವಿ ಸೌಂಡಿಗೆ ಮಾತ್ರ.

ಆದರೆ ಕನ್ನಡದ ಮನೆಗಳಲ್ಲಿ ಇದಕ್ಕೆ ಒಳ್ಳೆಯ ದಾರಿಯೊಂದು ಮೊದಲೇ ಇದೆ. ಮಾತು ಕಲಿಯುವ ಮಗು ಬೇಗ ಹಿಡಿಯುವ ಪದಗಳಲ್ಲಿ ಸಾಕು ಒಂದು. ಸಾಲದು, ಮಿಕ್ಕಿತು ಕೂಡ ಊಟದ ಜೊತೆಗೇ ಬರುತ್ತವೆ. ಬೇಕಾದ್ದು ಎಷ್ಟು, ಇರುವುದು ಎಷ್ಟು ಎಂದು ಎರಡನ್ನೂ ತೂಗಿದ ಮೇಲೆ ಬರುವ ಮಾತುಗಳು ಇವು. ಲೋಟ ಸಾಕು ಎಂದರೆ ಸಮ, ಸಾಲದು ಎಂದರೆ ಕಮ್ಮಿ, ಮಿಕ್ಕಿತು ಎಂದರೆ ಜಾಸ್ತಿ. ಪುಸ್ತಕದ ಹೆಚ್ಚು–ಕಡಿಮೆಗೆ ಹೋಗುವ ಮೊದಲು ಈ ಮೂರರಲ್ಲಿ ಸಾಕಷ್ಟು ದಿನ ಓಡಾಡಿದ ಮಗುವಿಗೆ ಕಮ್ಮಿ ಎಂಬುದು ಬರೀ ಜಾಸ್ತಿಯ ಎದುರುಪದವಾಗಿ ಉಳಿಯುವುದಿಲ್ಲ. ‘ಯಾವ ತಟ್ಟೆಯಲ್ಲಿ ಕಮ್ಮಿ ಇದೆ?’ ಎನ್ನುವುದಕ್ಕಿಂತ ‘ಯಾರಿಗೆ ಸಾಲದೆ ಬಂತು? ಅವರಿಗೆ ಇನ್ನು ಎಷ್ಟು ಹಾಕಬೇಕು?’ ಎನ್ನುವುದು ಮಗುವಿಗೆ ಹತ್ತಿರ.

ಆ ಎರಡನೇ ಪ್ರಶ್ನೆಯಲ್ಲೇ ಒಂದನೇ ತರಗತಿಯ ದೊಡ್ಡ ಕಗ್ಗಂಟಿದೆ. ‘ರಾಜು ಬಳಿ 8 ಗೋಲಿ ಇವೆ. ಸೀತಾ ಬಳಿ 5 ಇವೆ. ರಾಜು ಬಳಿ ಸೀತಾಗಿಂತ ಎಷ್ಟು ಗೋಲಿ ಹೆಚ್ಚು ಇವೆ?’ ಬಹಳ ಮಕ್ಕಳು 8 ಎನ್ನುತ್ತವೆ. ಕೆಲವು 13 ಬರೆಯುತ್ತವೆ. ಕಳೆಯುವ ಲೆಕ್ಕ ಬಾರದ ಮಕ್ಕಳಲ್ಲ ಇವು. ‘8 ಗೋಲಿಯಲ್ಲಿ 5 ಕಳೆದುಹೋದವು, ಎಷ್ಟು ಉಳಿದವು?’ ಎಂದರೆ ತಕ್ಷಣ 3 ಎನ್ನುತ್ತವೆ. ಕಳೆದುಹೋದ ಕತೆಯಲ್ಲಿ ಆ ಮೂರು ಗೋಲಿ ಕಣ್ಣೆದುರು ಬೇರೆಯಾಗಿ ನಿಲ್ಲುತ್ತವೆ. ಹೋಲಿಕೆಯ ಕತೆಯಲ್ಲಿ ಯಾರೂ ಏನೂ ಕೊಡುವುದಿಲ್ಲ, ಕಳೆಯುವುದಿಲ್ಲ. ಹೆಚ್ಚಿರುವ ಮೂರು ಗೋಲಿ ರಾಜುವಿನ ಎಂಟರೊಳಗೇ ಅಡಗಿ ಕೂತಿವೆ. ಅವನ್ನು ಬೇರೆಯಾಗಿ ಕಾಣಲು ಸೀತಾಳ ಐದನ್ನು ರಾಜುವಿನ ಎಂಟರ ಮೇಲೆ ಮನಸ್ಸಿನಲ್ಲೇ ಇಟ್ಟು ನೋಡಬೇಕು.

1983ರಲ್ಲಿ ಟಾಮ್ ಹಡ್ಸನ್ ಪ್ರಕಟಿಸಿದ ಪ್ರಯೋಗ ಇದನ್ನು ಬಯಲು ಮಾಡಿತು. ಚಿತ್ರದಲ್ಲಿ ಕೆಲವು ಹಕ್ಕಿ, ಕೆಲವು ಹುಳ. ಹುಳಗಳಿಗಿಂತ ಹಕ್ಕಿಗಳು ಎಷ್ಟು ಹೆಚ್ಚು ಎಂದು ಕೇಳಿದರೆ ಶಾಲೆಗೆ ಸೇರುವ ಮುಂಚಿನ ಮಕ್ಕಳಲ್ಲಿ ಬಹುತೇಕರು ಸೋತರು, ಒಂದನೇ ತರಗತಿಯವರಲ್ಲೂ ಎಷ್ಟೋ ಜನ ತಪ್ಪಿದರು. ಅದೇ ಚಿತ್ರ ಇಟ್ಟು, ‘ಎಲ್ಲ ಹಕ್ಕಿಗಳೂ ಓಡಿಬಂದು ಒಂದೊಂದು ಹುಳ ಹಿಡಿಯಲು ನೋಡುತ್ತವೆ, ಎಷ್ಟು ಹಕ್ಕಿಗೆ ಹುಳ ಸಿಗುವುದಿಲ್ಲ?’ ಎಂದಾಗ ಚಿಕ್ಕವರಲ್ಲೂ ಹೆಚ್ಚಿನವರು ಸರಿಯಾಗಿ ಹೇಳಿದರು. ತಟ್ಟೆ ಹಂಚುವ ಹುಡುಗಿ ‘ಇನ್ನೂ ಎರಡು ಬೇಕು’ ಎಂದು ತಪ್ಪಿಲ್ಲದೆ ಹೇಳುವುದಕ್ಕೂ ಇದೇ ಕಾರಣ. ಎಣಿಕೆ, ಕಳೆಯುವಿಕೆ ಹಾಗೇ ಇವೆ. ಬದಲಾದದ್ದು ಜೋಡಿ ಮಾಡು ಎಂಬ ಸೂಚನೆ ಪ್ರಶ್ನೆಯೊಳಗೇ ಇದೆಯೋ ಇಲ್ಲವೋ ಎಂಬುದಷ್ಟೆ.

ಇಲ್ಲಿ ನಮ್ಮ ತರಗತಿಗಳಲ್ಲಿ ಓಡಾಡುವ ಒಂದು ಅಡ್ಡದಾರಿಯ ಬಗ್ಗೆ ಹೇಳಲೇಬೇಕು. ‘ಹೆಚ್ಚು ಅಂತ ಬಂದರೆ ಕೂಡು, ಕಡಿಮೆ ಅಂತ ಬಂದರೆ ಕಳೆ.’ ಇದನ್ನು ಕಲಿಸುವುದಕ್ಕಿಂತ ಏನೂ ಕಲಿಸದೆ ಇರುವುದು ವಾಸಿ. ಮೇಲಿನ ಲೆಕ್ಕದಲ್ಲಿ 13 ಬಂದದ್ದು ಇದರಿಂದಲೇ. ‘ರಾಜು ಬಳಿ 8 ಇವೆ. ಅದು ಸೀತಾಳ ಬಳಿ ಇರುವುದಕ್ಕಿಂತ 3 ಹೆಚ್ಚು. ಸೀತಾಳ ಬಳಿ ಎಷ್ಟು?’ ಎಂದು ತಿರುಗಿಸಿ ಕೇಳಿದರೆ ಸೂತ್ರ ನಂಬಿದ ಮಗು 11 ಬರೆದು ಸುಮ್ಮನಾಗುತ್ತದೆ. ಎಂಟಕ್ಕಿಂತ ಕಮ್ಮಿ ಇರಬೇಕಾದ ಸೀತಾ ಹೇಗೆ ಹನ್ನೊಂದಕ್ಕೆ ಹೋದಳು ಎಂದು ಅದಕ್ಕೆ ಹೊಳೆಯುವುದೂ ಇಲ್ಲ, ಏಕೆಂದರೆ ಗೋಲಿಗಳನ್ನು ಅದು ನೋಡಿಯೇ ಇಲ್ಲ, ಪದ ಮಾತ್ರ ನೋಡಿದೆ.

ಬೇರೆ ದಾರಿ ಸ್ವಲ್ಪ ನಿಧಾನದ್ದು. ಮೊದಲು ಬೀಜ ಇಟ್ಟು ಜೋಡಿ ಮಾಡಿಸಿ: ‘ಜೋಡಿ ಸಿಗದೆ ಎಷ್ಟು ಉಳಿದವು?’ ಕೆಲವು ದಿನ ಬಿಟ್ಟು: ‘ಸೀತಾಗೆ ಇನ್ನು ಎಷ್ಟು ಕೊಟ್ಟರೆ ಇಬ್ಬರದೂ ಸಮ ಆಗುತ್ತೆ?’ ಇದರಲ್ಲಿ ಜೋಡಿ ಮಾಡು ಎಂಬ ಸೂಚನೆ ಅರ್ಧ ಮರೆಯಾಗಿದೆ. ಇದೂ ಸಲೀಸಾದ ಮೇಲೆ ಪುಸ್ತಕದ ಮಾತಿನಲ್ಲಿ: ‘ಎಷ್ಟು ಹೆಚ್ಚು?’ ಮೂರನ್ನೂ ಅದೇ ಬೀಜಗಳ ಎದುರು ಕೇಳಿದರೆ ಮೂರೂ ಒಂದೇ ಪ್ರಶ್ನೆ ಎಂದು ಮಗು ತಾನೇ ಹೇಳುವ ದಿನ ಬರುತ್ತದೆ. ಆಮೇಲೆ ಬೀಜದ ಬದಲು ಚೌಕುಳಿ ಹಾಳೆಯಲ್ಲಿ ಎರಡು ಪಟ್ಟಿ ಸಾಕು, ಎಂಟು ಮನೆಯ ಪಟ್ಟಿಯ ಕೆಳಗೆ ಐದು ಮನೆಯ ಪಟ್ಟಿ, ಎಡತುದಿ ಒಂದೇ ನೇರಕ್ಕೆ.

ಅಳಗುಳಿ ಮಣೆ ಆಡಿದವರಿಗೆ ಇದು ಹೊಸದಲ್ಲ. ಕರಾವಳಿಯಲ್ಲಿ ಚೆನ್ನೆಮಣೆ ಎನ್ನುತ್ತಾರೆ. ಏಳು ಗುಳಿಯ ಎರಡು ಸಾಲು, ಗುಳಿಗೆ ನಾಲ್ಕರಂತೆ ಬೀಜ, ಒಟ್ಟು 56. ಒಂದು ಸುತ್ತು ಮುಗಿದ ಮೇಲೆ ಗೆದ್ದ ಬೀಜಗಳನ್ನು ತಮ್ಮ ತಮ್ಮ ಗುಳಿಗಳಿಗೆ ಮತ್ತೆ ನಾಲ್ಕು ನಾಲ್ಕು ತುಂಬುತ್ತಾರೆ. ಕಮ್ಮಿ ಗೆದ್ದವರ ಕಡೆ ಗುಳಿ ಖಾಲಿ ಉಳಿಯುತ್ತದೆ, ಜಾಸ್ತಿ ಗೆದ್ದವರ ಕೈಯಲ್ಲಿ ಬೀಜ ಉಳಿಯುತ್ತದೆ. ಸಾಲದೆ ಬಂದದ್ದೂ ಮಿಕ್ಕಿದ್ದೂ ಒಂದೇ ಮಣೆಯ ಮೇಲೆ ಎದುರುಬದುರು ಕಾಣುತ್ತವೆ, ಎರಡೂ ಅಷ್ಟಷ್ಟೇ ಇರುತ್ತವೆ. ಆರೇಳು ವರ್ಷದ ಮಗುವಿನ ಜೊತೆ ಆಡುವಾಗ ಈ ತುಂಬುವ ಹೊತ್ತಿನಲ್ಲಿ ಅವಸರ ಮಾಡಬೇಡಿ, ಪಾಠ ಇರುವುದು ಅಲ್ಲೇ.

ಎಣಿಸಲಾಗದ ಪ್ರಮಾಣಗಳ ಕತೆ ಬೇರೆಯೇ ಒಂದು ಲೇಖನದ್ದು, ಚುಟುಕಾಗಿ ಹೇಳಿಬಿಡುತ್ತೇನೆ. ಅಗಲ ಪಾತ್ರೆಯ ನೀರನ್ನು ಉದ್ದ ಲೋಟಕ್ಕೆ ಸುರಿದರೆ ಜಾಸ್ತಿಯಾಯಿತು ಎನ್ನುವ ಮಗುವೇ ರೊಟ್ಟಿ ಎರಡು ತುಂಡು ಮಾಡಿಕೊಟ್ಟರೆ ನನಗೆ ಎರಡು ಎಂದು ತಮ್ಮನ ಎದುರು ಮೆರೆಯುತ್ತದೆ. ವಾದ ಮಾಡಿ ಪ್ರಯೋಜನವಿಲ್ಲ, ವಾಪಸು ಸುರಿದು ತೋರಿಸಬೇಕು, ಎರಡೂ ಪಾತ್ರೆಯನ್ನು ಒಂದೇ ಸಣ್ಣ ಲೋಟದಿಂದ ಅಳೆಸಬೇಕು. ಅಳತೆಯ ಲೋಟ ಬಂದ ಕೂಡಲೇ ಎಣಿಸಲಾಗದ್ದು ಎಣಿಸುವಂಥದ್ದಾಗುತ್ತದೆ. ಮನೆಯಲ್ಲಿ ಹಳೆಯ ಪಾವು, ಸೇರು ಇದ್ದರೆ ಅಟ್ಟದಿಂದ ಇಳಿಸಿ. ತೂಕಕ್ಕೆ ಮಂಡಕ್ಕಿ ಪೊಟ್ಟಣವನ್ನೂ ಬೆಲ್ಲದ ಅಚ್ಚನ್ನೂ ಎರಡು ಕೈಗೆ ಕೊಡಿ, ದೊಡ್ಡದೆಲ್ಲ ಭಾರ ಅಲ್ಲ ಎಂಬುದು ಒಂದೇ ಸಲಕ್ಕೆ ತಲೆಗೆ ಹೋಗುತ್ತದೆ.

ಬೀಜ, ತಟ್ಟೆ ಏನೂ ಇಲ್ಲದೆ ಬರೀ 7 ಮತ್ತು 9 ಎಂಬ ಅಂಕಿ ನೋಡಿ ದೊಡ್ಡದು ಯಾವುದು ಎನ್ನುವುದು ಇನ್ನೊಂದು ಮೆಟ್ಟಿಲು. ಇದಕ್ಕೆ ಅಗ್ಗದ, ಪರೀಕ್ಷಿಸಿ ನೋಡಿದ ಒಂದು ಉಪಾಯವಿದೆ. 2008ರಲ್ಲಿ ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ ಅಮೆರಿಕದ ಬಡ ಕುಟುಂಬಗಳ ನಾಲ್ಕೈದು ವರ್ಷದ ಮಕ್ಕಳಿಗೆ ಒಂದೇ ಸಾಲಿನಲ್ಲಿ 1ರಿಂದ 10ರವರೆಗೆ ಮನೆಗಳಿರುವ ಪಟ್ಟಿಯ ಮೇಲೆ ಆಟ ಆಡಿಸಿದರು. ಕೆಲವೇ ವಾರಗಳಲ್ಲಿ, ಒಟ್ಟು ಸುಮಾರು ಒಂದು ಗಂಟೆ. ಅಷ್ಟಕ್ಕೇ ಅಂಕಿಗಳನ್ನು ಹೋಲಿಸುವುದರಲ್ಲಿ ಆ ಮಕ್ಕಳು ಮುಂದೆ ಬಂದರು. ಅಂಕಿಯ ಬದಲು ಬಣ್ಣ ಇರುವ ಪಟ್ಟಿಯಲ್ಲಿ ಆಡಿದವರಿಗೆ ಆ ಲಾಭ ಆಗಲಿಲ್ಲ. ಒಂದು ಸೂಕ್ಷ್ಮ ಬಿಡಬಾರದು. ಕಾಯಿ ಐದನೇ ಮನೆಯಲ್ಲಿದ್ದು ಎರಡು ಬಿದ್ದರೆ ಮಗು ‘ಒಂದು, ಎರಡು’ ಎನ್ನುವ ಹಾಗಿಲ್ಲ, ಮನೆಯ ಮೇಲಿರುವ ‘ಆರು, ಏಳು’ ಓದುತ್ತಾ ನಡೆಸಬೇಕು. ಕ್ಯಾಲೆಂಡರಿನ ಹಿಂಬದಿಯಲ್ಲಿ ಪಟ್ಟಿ ಬರೆದು, ನಾಣ್ಯ ಚಿಮ್ಮಿಸಿ, ಒಂದು ಮಗ್ಗುಲಿಗೆ ಒಂದು, ಇನ್ನೊಂದಕ್ಕೆ ಎರಡು ಎಂದುಕೊಂಡರೆ ಸಾಮಾನು ಮುಗಿಯಿತು. ಹಾವು–ಏಣಿ ಆಟದ ನೂರು ಮನೆ ಈ ವಯಸ್ಸಿಗೆ ವಿಪರೀತ, ಸಾಲು ಬಲಕ್ಕೆ ಹೋಗಿ ಎಡಕ್ಕೆ ತಿರುಗುವುದೂ ಗೊಂದಲ. ಚೌಕಾಬಾರ ಚೆಂದದ ಆಟ, ಕವಡೆ ಎಣಿಸಲು ಒಳ್ಳೆಯದು, ಆದರೆ ಅದರ ಮನೆಗಳ ಮೇಲೆ ಅಂಕಿ ಇಲ್ಲ.

ಅಂಕಿ ಏಕೆ ಅಷ್ಟು ಮುಖ್ಯ ಎನ್ನುವುದಕ್ಕೆ ದೆಹಲಿಯ ಒಂದು ಅಧ್ಯಯನ ನೋಡಬೇಕು. ಮೊಯ್ರಾ ಡಿಲ್ಲನ್, ಎಲಿಜಬೆತ್ ಸ್ಪೆಲ್ಕಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ್ದು. ಪ್ರಥಮ್ ಸಂಸ್ಥೆಯ ಶಿಶುವಿಹಾರಗಳ ಸುಮಾರು ಐದು ವರ್ಷದ 1,540 ಮಕ್ಕಳಲ್ಲಿ ಒಂದು ಗುಂಪಿಗೆ ನಾಲ್ಕು ತಿಂಗಳು ಚುಕ್ಕೆಗಳ ಗುಂಪನ್ನು ಕಣ್ಣಂದಾಜಿನಲ್ಲಿ ಹೋಲಿಸುವ, ಆಕಾರ ಗುರುತಿಸುವ ಆಟಗಳನ್ನು ಆಡಿಸಿದರು. ಅಂದಾಜಿನ ಚುರುಕು ಹೆಚ್ಚಿತು, ಒಂದು ವರ್ಷದ ಮೇಲೂ ಉಳಿಯಿತು. ಆದರೆ ಒಂದನೇ ತರಗತಿಯ ಗಣಿತದಲ್ಲಿ ಆ ಮಕ್ಕಳು ಉಳಿದವರಿಗಿಂತ ಮುಂದೆ ಹೋಗಲಿಲ್ಲ. ಚುಕ್ಕೆ ನೋಡುವ ಕಣ್ಣು ಎಷ್ಟೇ ಚುರುಕಾದರೂ ಅದಕ್ಕೆ ‘ಒಂಬತ್ತು’ ಎಂಬ ಮಾತು, 9 ಎಂಬ ಗುರುತು ಕಟ್ಟಿಕೊಳ್ಳದಿದ್ದರೆ ಶಾಲೆಯ ಲೆಕ್ಕಕ್ಕೆ ಅದು ತಾನಾಗಿ ಇಳಿಯುವುದಿಲ್ಲ. ಹಾಗಾಗಿ ಬೀಜ ಜೋಡಿಸುವಾಗಲೇ ಬಾಯಲ್ಲಿ ಸಂಖ್ಯೆ ಇರಲಿ, ಪಕ್ಕದಲ್ಲಿ ಅಂಕಿಯ ಚೀಟಿ ಇರಲಿ. ನಲಿ–ಕಲಿ ಕೋಣೆಗಳಲ್ಲಿ ಮಕ್ಕಳು ಸಣ್ಣ ಗುಂಪಾಗಿ ನೆಲದ ಮೇಲೆ ಕೂರುವುದರಿಂದ ಇದಕ್ಕೆ ಬೇಕಾದ ಜಾಗ, ಸಾಮಾನು ಎರಡೂ ಅಲ್ಲಿ ಸಿಗುತ್ತವೆ. ಬಿಡುವು ಸಿಗುವುದು ಕಷ್ಟ.

ಎರಡಂಕಿಗೆ ಬಂದಾಗ ಕನ್ನಡದ ಮಕ್ಕಳಿಗೆ ಒಂದು ಅನುಕೂಲ, ಒಂದು ತೊಡಕು. ಇಪ್ಪತ್ತೊಂದು, ನಲವತ್ತಾರು ಎನ್ನುವಾಗ ಹತ್ತುಗಳು ಮೊದಲು, ಬಿಡಿಗಳು ಆಮೇಲೆ, ಬರೆಯುವ ಕ್ರಮದಲ್ಲೇ ಕೇಳಿಸುತ್ತವೆ. ತೊಡಕು ಒಂಬತ್ತರಲ್ಲಿದೆ. ಒಂಬತ್ತು, ಎಂಬತ್ತು, ತೊಂಬತ್ತು, ಮೂರೂ ಒಂದೇ ಧ್ವನಿಯಲ್ಲಿ ಮುಗಿಯುತ್ತವೆ, ಮೂರರಲ್ಲಿ ಯಾವುದು ದೊಡ್ಡದು ಎಂದು ಬರೀ ಕಿವಿಯಿಂದ ಹೇಳಲಾಗದು. ಇನ್ನು 39, 41 ಇಟ್ಟರೆ 9 ದೊಡ್ಡದು ಎಂದು 39 ಆರಿಸುವ ಮಕ್ಕಳಿಗೆ ಸ್ಥಾನಬೆಲೆಯ ಭಾಷಣ ಬೇಡ. ತೆಂಗಿನ ಗರಿಕಡ್ಡಿಯನ್ನು ಹತ್ತು ಹತ್ತರ ಕಟ್ಟು ಮಾಡಿ, ಕಟ್ಟಿಗೆ ಕಟ್ಟು ಜೋಡಿ ಮಾಡಿಸಿ. ಮೂರು ಕಟ್ಟು ನಾಲ್ಕು ಕಟ್ಟಿಗೆ ಸಾಲದೆ ಬಂದಾಗ ಬಿಡಿಕಡ್ಡಿಗಳನ್ನು ನೋಡುವ ಅಗತ್ಯವೇ ಇಲ್ಲ ಎಂದು ತಿಳಿಯುತ್ತದೆ.

ಕೊನೆಗೆ > ಮತ್ತು < ಗುರುತುಗಳು. ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ತೀರಿಕೊಂಡು ಹತ್ತು ವರ್ಷದ ಮೇಲೆ, 1631ರಲ್ಲಿ ಅಚ್ಚಾದ ಅವರ ಬರಹದಲ್ಲಿ ಇವು ಕಾಣಿಸಿಕೊಂಡವು. ಮೊಸಳೆ ದೊಡ್ಡದನ್ನು ತಿನ್ನಲು ಬಾಯಿ ತೆರೆಯುತ್ತದೆ ಎಂಬ ಕತೆಯಿಂದ ಗುರುತು ಹಾಕಲು ಬರುತ್ತದೆ, ಓದಲು ಬರುವುದಿಲ್ಲ. ಕನ್ನಡದಲ್ಲಿ ನಾವು ಸಹಜವಾಗಿ ‘ನಾಲ್ಕಕ್ಕಿಂತ ಏಳು ದೊಡ್ಡದು’ ಎನ್ನುತ್ತೇವೆ, ಅಂದರೆ ನಾಲ್ಕು ಮೊದಲು. 7 > 4 ಎಂದು ಬರೆದಾಗ ಏಳು ಮೊದಲು. ಮಗು ಕಿವಿಯಲ್ಲಿ ಕೇಳಿದ ಕ್ರಮದಲ್ಲೇ ಬರೆದರೆ ಗುರುತು ತಿರುಗುಮುರುಗಾಗುತ್ತದೆ. ಹಾಗಾಗಿ ಓದಿಸುವಾಗ ‘ಏಳು, ನಾಲ್ಕಕ್ಕಿಂತ ದೊಡ್ಡದು’ ಎಂದು ಎಡದಿಂದಲೇ ಓದಿಸಿ, ಅದೇ ಸಾಲನ್ನು 4 < 7 ಎಂದು ತಿರುಗಿಸಿ ಬರೆಸಿ, ‘ನಾಲ್ಕು, ಏಳಕ್ಕಿಂತ ಚಿಕ್ಕದು’ ಎಂದು ಮತ್ತೆ ಓದಿಸಿ. ಸಮಚಿಹ್ನೆಯನ್ನೂ ಇದೇ ಹೊತ್ತಿಗೆ ಪಕ್ಕದಲ್ಲಿ ತಂದರೆ ಅದು ‘ಇಲ್ಲಿ ಉತ್ತರ ಬರೆ’ ಎಂಬ ಆಜ್ಞೆಯಾಗದೆ ಉಳಿಯುತ್ತದೆ. 8 = 5 + ▢ ಎಂದು ಬರೆದು, ಆ ಖಾಲಿ ಚೌಕದಲ್ಲಿ ಸೀತಾಗೆ ಸಾಲದೆ ಬಂದ ಗೋಲಿಗಳನ್ನು ಇಡಿಸಬಹುದು. 8 – 5 ಎಂಬ ಬರವಣಿಗೆ ಅದಾದ ಮೇಲೆ ಬಂದರೆ ಸಾಕು.